ಚಾರ್ಜ್‌ಗೆ ಹೆಸರಿಟ್ಟವರು

(ಹಾಸನದಲ್ಲಿ ಪಿಯುಸಿ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಊರಿನ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಭರದಲ್ಲಿ ಹಿಂದೆ ಮುಂದೆ ಆದದ್ದನ್ನು ಸ್ವಲ್ಪ ಜೋಡಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಿದ್ಯುತ್ತಿನ ಅಳತೆಗಳಲ್ಲಿ ಕೆಲವು ನಮಗೆ ಮನೆಮಾತಾಗಿವೆ. ಪಂಪ್‌ಸೆಟ್ ಓಡದಿದ್ದರೆ ‘ವೋಲ್ಟೇಜ್ ಸಾಲದು’ ಎನ್ನುತ್ತೇವೆ. ಗೀಸರ್‌ಗೆ 16 ಆಂಪ್ಸ್ ಪ್ಲಗ್ ಹಾಕಿಸಿ ಎಂದು ಎಲೆಕ್ಟ್ರಿಷಿಯನ್ ಹೇಳಿದರೆ ಯಾರೂ ಕಣ್ಣುಕಣ್ಣು ಬಿಡುವುದಿಲ್ಲ. ಬಲ್ಬಿಗೆ ವ್ಯಾಟ್, ಬಿಲ್ಲಿಗೆ ಯೂನಿಟ್. ಆದರೆ ಅಂಗಡಿಗೆ ಹೋಗಿ ‘ಇದು ಎಷ್ಟು ಕೂಲಮ್?’ ಎಂದು ಕೇಳಿದವರನ್ನು ನಾನಂತೂ ನೋಡಿಲ್ಲ. ಕೂಲಮ್ ಅಂದರೆ ವಿದ್ಯುದಾವೇಶದ ಅಳತೆ, ಅಂದರೆ ನಾವು ಚಾರ್ಜ್ ಎನ್ನುತ್ತೇವಲ್ಲ ಅದರದ್ದು. ಸೆಕೆಂಡ್ ಪಿಯುಸಿ ಭೌತಶಾಸ್ತ್ರದ ಮೊದಲ ಅಧ್ಯಾಯದಲ್ಲೇ ಬರುತ್ತದೆ. ಪರೀಕ್ಷೆ ಮುಗಿದ ಮೇಲೆ ಮತ್ತೆ ಕಣ್ಣಿಗೆ ಬೀಳುವುದಿಲ್ಲ.

ಮಜಾ ಏನೆಂದರೆ, ಚಾರ್ಜ್ ಇಲ್ಲದೆ ಉಳಿದ ಯಾವುದೂ ಇಲ್ಲ. ಕರೆಂಟ್ ಅಂದರೆ ಹರಿಯುವ ಚಾರ್ಜ್. ವೋಲ್ಟ್ ಅಂದರೆ ಒಂದು ಕೂಲಮ್ ಸಾಗಿಸಲು ಬೇಕಾಗುವ ಕೆಲಸದ ಲೆಕ್ಕ. ಹಾಗಿದ್ದೂ ಮೂಲದ ಹೆಸರೇ ಯಾಕೆ ಹಿಂದೆ ಬಿತ್ತು? ನನ್ನ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಕೂಲಮ್ ಇಷ್ಟಿರಲಿ ಅಂತ ಕೂತು ತೀರ್ಮಾನಿಸಿದವರು ಯಾರೂ ಇಲ್ಲ. ಬೇರೆ ಏನನ್ನೋ ಅಳೆಯಲು ಹೊರಟವರ ಲೆಕ್ಕದಲ್ಲಿ ಅದು ಉಳಿದ ಪಾಲಾಗಿ ಬಂತು. ಹೆಸರೂ ಹೆಚ್ಚುಕಡಿಮೆ ಹಾಗೇ ಬಂತು.

ಮೊದಮೊದಲು ಅಳತೆಯೇ ಇರಲಿಲ್ಲ. 18ನೇ ಶತಮಾನದ ಯುರೋಪಿನಲ್ಲಿ ವಿದ್ಯುತ್ ಅಂದರೆ ಗಾಜಿನ ಗೋಳವನ್ನು ತಿರುಗಿಸುತ್ತಾ ಉಜ್ಜುವ ಯಂತ್ರ, ಅದರ ಪಕ್ಕದಲ್ಲಿ ಚಾರ್ಜ್ ತುಂಬಿಸಿಡುವ ಲೈಡನ್ ಜಾಡಿ. ಎಷ್ಟು ತುಂಬಿತು ಅಂತ ಕೇಳಿದರೆ ‘ಹಿಡಿಯನ್ನು ಇಷ್ಟು ಸುತ್ತು ತಿರುಗಿಸಿದೆ’ ಎನ್ನಬೇಕಿತ್ತು, ಅಷ್ಟೇ. 1767ರಲ್ಲಿ ಲಂಡನ್ನಿನ ಟಿಮೊತಿ ಲೇನ್ ಕಿಡಿ ಎಣಿಸುವ ಒಂದು ಉಪಕರಣ ಮಾಡಿದ. ಎರಡು ಗುಂಡುಗಳ ನಡುವಿನ ಸಂದನ್ನು ಬದಲಿಸದೆ ಇಟ್ಟರೆ ಪ್ರತಿ ಕಿಡಿಯಲ್ಲೂ ಸುಮಾರಾಗಿ ಅಷ್ಟೇ ಚಾರ್ಜ್ ದಾಟುತ್ತದೆ. ಹತ್ತು ಕಿಡಿ, ಇಪ್ಪತ್ತು ಕಿಡಿ ಅಂತ ಲೆಕ್ಕ.

ಹೆನ್ರಿ ಕ್ಯಾವೆಂಡಿಶ್ ಇನ್ನೂ ಮುಂದೆ ಹೋದ. ಒಂದು ವಸ್ತು ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದನ್ನು, ಅಷ್ಟೇ ಹಿಡಿಯುವ ಗೋಳದ ಅಡ್ಡಳತೆಯಿಂದ ಹೇಳಿದ. ಅಂದರೆ ಇಷ್ಟು ಇಂಚು ವಿದ್ಯುತ್! ಕರೆಂಟಿನ ಜೋರು ಹೋಲಿಸಬೇಕಾದಾಗ ತನ್ನ ಮೈಗೇ ಶಾಕ್ ಕೊಟ್ಟುಕೊಂಡು ಯಾವುದು ಜಾಸ್ತಿ ಅಂತ ನೋಡುತ್ತಿದ್ದ. (ಮಕ್ಕಳೇ, ನೀವು ಇದನ್ನು ಮಾಡಬೇಡಿ.) ಚಾರ್ಜ್‌ಗಳ ನಡುವಿನ ಬಲ ದೂರದ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ ಎಂಬ ನಿಯಮವನ್ನೂ ಕೂಲಮ್‌ಗಿಂತ ಮೊದಲೇ ಕಂಡುಕೊಂಡಿದ್ದ. ಆದರೆ ಪ್ರಕಟಿಸಲಿಲ್ಲ. ಬರೆದು ಇಟ್ಟ. ಅವನ ವಿದ್ಯುತ್ ಬರಹಗಳನ್ನು ಸ್ಕಾಟ್ಲೆಂಡಿನ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಸಂಪಾದಿಸಿ ಹೊರತಂದದ್ದು 1879ರಲ್ಲಿ. ಅಷ್ಟರಲ್ಲಿ ನಿಯಮಕ್ಕೆ ಕೂಲಮ್‌ನ ಹೆಸರು ಅಂಟಿಕೊಂಡು ಹತ್ತಿರ ಹತ್ತಿರ ನೂರು ವರ್ಷವಾಗಿತ್ತು.

ಇನ್ನು ಕೂಲಮ್ ಯಾರು? ಚಾರ್ಲ್ಸ್ ಅಗಸ್ಟಿನ್ ದ ಕೂಲಮ್, ಹುಟ್ಟಿದ್ದು 1736ರಲ್ಲಿ, ಫ್ರಾನ್ಸಿನ ಆಂಗುಲೇಮ್‌ನಲ್ಲಿ. ವೃತ್ತಿಯಲ್ಲಿ ಸೈನ್ಯದ ಇಂಜಿನಿಯರ್. ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸಲು ಕಳಿಸಿದರು. ವರ್ಷಗಟ್ಟಲೆ ಅಲ್ಲಿ ದುಡಿದು ಆರೋಗ್ಯ ಕೆಡಿಸಿಕೊಂಡು ವಾಪಸ್ ಬಂದ. ಆ ಅನುಭವದಿಂದ 1773ರಲ್ಲಿ ಕಟ್ಟಡಗಳ ಬಗ್ಗೆ ಒಂದು ಪ್ರಬಂಧ ಮಂಡಿಸಿದ. ಇಲ್ಲಿ ಸಿವಿಲ್ ಡಿಪ್ಲೊಮಾದವರು ಇದ್ದೀರಿ ಅಲ್ವಾ? ತಡೆಗೋಡೆಯ ಹಿಂದೆ ಮಣ್ಣು ಎಷ್ಟು ಒತ್ತುತ್ತದೆ ಅಂತ ನೀವು ಲೆಕ್ಕ ಹಾಕುವಾಗ ಬರುವ ಕೂಲಮ್ ಇವನೇ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿಯದಂತೆ ಗೋಡೆ ಕಟ್ಟುವ ಇಂಜಿನಿಯರಿಗೆ ಈತ ಚಾರ್ಜಿನವನಲ್ಲ, ಮಣ್ಣಿನವನು.

ವಿದ್ಯುತ್ತಿಗೆ ಆತ ಬಂದದ್ದು ಸುತ್ತು ದಾರಿಯಲ್ಲಿ. ದಿಕ್ಸೂಚಿಯ ಸೂಜಿಯನ್ನು ದಾರದಿಂದ ತೂಗುಹಾಕುವ ವಿಧಾನದ ಮೇಲೆ ಕೆಲಸ ಮಾಡುತ್ತಿದ್ದ. ದಾರ ಅಥವಾ ತಂತಿ ತಿರುಚಿದಷ್ಟೂ ಲೆಕ್ಕಬದ್ಧವಾಗಿ ಹಿಂದಕ್ಕೆ ಎಳೆಯುತ್ತದೆ ಎಂಬುದು ಕೈಗೆ ಸಿಕ್ಕಿತು. ಅಂದರೆ ಬಹಳ ಸಣ್ಣ ಬಲವನ್ನೂ ತಿರುಚಿದ ಕೋನದಿಂದ ಅಳೆಯಬಹುದು. 1785ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಇಟ್ಟ ತಿರುಚು ತಕ್ಕಡಿ ಇದೇ. ಗಾಜಿನ ಪಾತ್ರೆಯೊಳಗೆ ಸಣ್ಣ ಬೆಳ್ಳಿ ತಂತಿ, ಅದಕ್ಕೆ ಅಡ್ಡ ಕಡ್ಡಿ, ಕಡ್ಡಿಯ ತುದಿಯಲ್ಲಿ ಬೆಂಡಿನ ಗುಂಡು. ಪಕ್ಕದಲ್ಲಿ ಕದಲದ ಇನ್ನೊಂದು ಗುಂಡು. ಎರಡಕ್ಕೂ ಒಂದೇ ಬಗೆಯ ಚಾರ್ಜ್ ಕೊಟ್ಟರೆ ದೂರ ಸರಿಯುತ್ತವೆ. ತಂತಿಯನ್ನು ತಿರುಚಿ ಅವನ್ನು ಮತ್ತೆ ಹತ್ತಿರ ತರಬೇಕು.

ಆತ ಕೊಟ್ಟ ಅಂಕಿಗಳನ್ನು ಒಮ್ಮೆ ನೋಡಿ. ಗುಂಡುಗಳು 36 ಡಿಗ್ರಿ ದೂರ ಇದ್ದಾಗ ತಂತಿಯ ತಿರುಚು 36 ಡಿಗ್ರಿ. ದೂರವನ್ನು ಅರ್ಧಕ್ಕೆ, ಅಂದರೆ 18ಕ್ಕೆ, ಇಳಿಸಿದಾಗ ಒಟ್ಟು ತಿರುಚು 144. ಇನ್ನೂ ಅರ್ಧಕ್ಕೆ, ಸುಮಾರು 8.5ಕ್ಕೆ, ಬಂದಾಗ 575.5. ದೂರ ಅರ್ಧವಾದಾಗ ಬಲ ನಾಲ್ಕು ಪಟ್ಟು. ಅಷ್ಟೇ, ಮೂರೇ ಮೂರು ಅಳತೆ! ಇವತ್ತು ಲ್ಯಾಬ್ ರೆಕಾರ್ಡಿನಲ್ಲಿ ಮೂರು ರೀಡಿಂಗ್ ಬರೆದರೆ ಮೇಡಂ ಸಹಿ ಹಾಕುವುದಿಲ್ಲ. ನಮ್ಮ ಕಾಲದಲ್ಲಿ ಆ ತಕ್ಕಡಿಯನ್ನು ಮತ್ತೆ ಕಟ್ಟಿ ನೋಡಿದವರಲ್ಲಿ ಕೆಲವರಿಗೆ ಇಷ್ಟು ಅಚ್ಚುಕಟ್ಟಾದ ಅಂಕಿ ಬರಲಿಲ್ಲ, ಕೆಲವರಿಗೆ ಬಂತು. ಮೈಮೇಲಿನ ಚಾರ್ಜೇ ಗುಂಡನ್ನು ಅಲುಗಿಸುವಷ್ಟು ಸೂಕ್ಷ್ಮ ಅದು.

ಈಗ ಒಂದು ವಿಷಯ ಗಮನಿಸಿ. ಇಷ್ಟೆಲ್ಲ ಮಾಡಿದ ಕೂಲಮ್ ಹತ್ತಿರ ಚಾರ್ಜಿನ ಅಳತೆಮಾನ ಇರಲಿಲ್ಲ. ಒಂದೇ ಗಾತ್ರದ ಎರಡು ಗುಂಡುಗಳನ್ನು ತಾಗಿಸಿದರೆ ಚಾರ್ಜ್ ಅರ್ಧರ್ಧ ಹಂಚಿಕೊಳ್ಳುತ್ತದೆ. ಅರ್ಧ, ಕಾಲು, ಎರಡು ಪಟ್ಟು ಎಂಬ ಹೋಲಿಕೆಯೇ ಆತನಿಗೆ ಸಾಕಾಗಿತ್ತು. ಆತ ತೀರಿಕೊಂಡದ್ದು 1806ರಲ್ಲಿ. ಕೂಲಮ್ ಎಂಬ ಮಾನ ಹುಟ್ಟಿದ್ದು 1881ರಲ್ಲಿ. ನಡುವಿನ 75 ವರ್ಷದಲ್ಲಿ ನಡೆದದ್ದೇ ನನಗೆ ಈ ಕಥೆಯ ಅತ್ಯಂತ ಇಷ್ಟದ ಭಾಗ. ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಜರ್ಮನಿಯ ಗಾಸ್ ಮತ್ತು ವೆಬರ್ ಒಂದು ಹಠ ಹಿಡಿದರು. ಅಳತೆಗೆ ಯಾವನೋ ಮಾಡಿದ ಜಾಡಿ, ಯಾವನದೋ ಸೂಜಿ ಬೇಡ. ಉದ್ದ, ತೂಕ, ಕಾಲ ಇಷ್ಟರಿಂದಲೇ ಎಲ್ಲವನ್ನೂ ಹೇಳಬೇಕು. ಚಾರ್ಜಿಗೂ ಹಾಗೇ ಮಾಡಬಹುದು. ಒಂದು ಸೆಂಟಿಮೀಟರ್ ದೂರದಲ್ಲಿ ಒಂದೇ ಸಮನಾದ ಎರಡು ಚಾರ್ಜ್ ಇಡಿ. ಅವು ಒಂದನ್ನೊಂದು ಒಂದು ಡೈನ್ (ಬಲದ ಬಹಳ ಸಣ್ಣ ಅಳತೆ) ಬಲದಿಂದ ತಳ್ಳಿದರೆ ಅದೇ ಒಂದು ಮಾನ. ಇದು ಕದಲದೆ ಕೂತ ಚಾರ್ಜಿನಿಂದ ಬಂದ ಮಾನ.

ಆದರೆ 1820ರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ತಂತಿಯಲ್ಲಿ ಕರೆಂಟ್ ಹರಿದರೆ ದಿಕ್ಸೂಚಿಯ ಸೂಜಿ ತಿರುಗುತ್ತದೆ ಎಂದು ಡೆನ್ಮಾರ್ಕಿನ ಅರ್ಸ್ಟೆಡ್ ತೋರಿಸಿದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಕರೆಂಟ್ ಹರಿಯುವ ಎರಡು ತಂತಿಗಳು ಒಂದನ್ನೊಂದು ಎಳೆಯುತ್ತವೆ ಇಲ್ಲವೇ ತಳ್ಳುತ್ತವೆ ಎಂದು ಆಂಪಿಯರ್ ತೋರಿಸಿದ. ಈ ಬಲದಿಂದ ಕರೆಂಟಿಗೆ ಒಂದು ಮಾನ ಮಾಡಬಹುದು. ಅಷ್ಟು ಕರೆಂಟ್ ಒಂದು ಸೆಕೆಂಡಿನಲ್ಲಿ ಸಾಗಿಸಿದ ಚಾರ್ಜ್ ಇನ್ನೊಂದು ಮಾನ. ಇದು ಓಡುವ ಚಾರ್ಜಿನಿಂದ ಬಂದದ್ದು.

ಹೀಗೆ ಒಂದೇ ವಸ್ತುವಿಗೆ ಎರಡು ಮಾನಗಳಾದವು. ಒಂದು ಇನ್ನೊಂದರ ಎಷ್ಟು ಪಟ್ಟು? 1856ರಲ್ಲಿ ವೆಬರ್ ಮತ್ತು ಕೋಲ್ರೌಶ್ ಇದನ್ನು ಅಳೆದರು. ಲೈಡನ್ ಜಾಡಿಯಲ್ಲಿ ಚಾರ್ಜ್ ತುಂಬಿದರು. ಅದರ ಒಂದು ಪಾಲನ್ನು ದೊಡ್ಡ ಗೋಳಕ್ಕೆ ಕೊಟ್ಟು ಕೂಲಮ್‌ನ ಬಗೆಯ ತಿರುಚು ತಕ್ಕಡಿಯಲ್ಲಿ ಅಳೆದರು. ಉಳಿದದ್ದನ್ನು ಗ್ಯಾಲ್ವನೋಮೀಟರ್ ಮೂಲಕ ಹರಿಸಿ ಸೂಜಿ ಎಷ್ಟು ಜಿಗಿಯಿತು ಅಂತ ನೋಡಿದರು. ಒಂದೇ ಜಾಡಿಯ ಚಾರ್ಜ್, ಎರಡು ಮಾನದಲ್ಲಿ ಎರಡು ಅಂಕಿ.

ಆ ಅನುಪಾತ ಬರೀ ಸಂಖ್ಯೆಯಲ್ಲ, ಒಂದು ವೇಗ. ಯಾಕೆಂದರೆ ಒಂದು ಮಾನ ಬಂದದ್ದು ನಿಂತ ಚಾರ್ಜಿನಿಂದ, ಇನ್ನೊಂದು ಹರಿಯುವುದರಿಂದ. ಇವರ ಅಳತೆಯನ್ನು ಮ್ಯಾಕ್ಸ್‌ವೆಲ್ ತನ್ನ ಲೆಕ್ಕಕ್ಕೆ ಹೊಂದಿಸಿಕೊಂಡಾಗ ಬಂದದ್ದು ಸೆಕೆಂಡಿಗೆ ಸುಮಾರು 3,10,740 ಕಿಲೋಮೀಟರ್. ಗಾಳಿಯಲ್ಲಿ ಬೆಳಕಿನ ವೇಗವನ್ನು ಫ್ರಾನ್ಸಿನ ಫಿಜೋ 1849ರಲ್ಲಿ ಅಳೆದಿದ್ದ. ಮ್ಯಾಕ್ಸ್‌ವೆಲ್ ಬಳಸಿದ ಫಿಜೋನ ಅಂಕಿ ಸುಮಾರು 3,14,858. ಜಾಡಿ, ಗೋಳ, ಸೂಜಿಯಿಂದ ಬಂದ ಅಂಕಿ ಒಂದು ಕಡೆ, ಹಲ್ಲಿನ ಚಕ್ರ ತಿರುಗಿಸಿ ಅಳೆದ ಬೆಳಕಿನ ಅಂಕಿ ಇನ್ನೊಂದು ಕಡೆ. ಹತ್ತಿರ ಹತ್ತಿರ ಒಂದೇ! ಬೆಳಕು ಅಂದರೆ ವಿದ್ಯುತ್ತು ಮತ್ತು ಅಯಸ್ಕಾಂತ ಸೇರಿದ ಅಲೆ ಎಂಬ ತೀರ್ಮಾನಕ್ಕೆ ಆತ ಬಂದದ್ದು ಈ ಹೊಂದಿಕೆ ನೋಡಿ. ಈ ಲೆಕ್ಕ ಮಾಡಿದ್ದು 1861ರಲ್ಲಿ, ಸ್ಕಾಟ್ಲೆಂಡಿನ ತನ್ನ ಹಳ್ಳಿಮನೆಯಲ್ಲಿದ್ದಾಗ. ಹೋಲಿಸಿದ್ದು ಲಂಡನ್ನಿಗೆ ವಾಪಸಾದ ಮೇಲೆ.

ಮಾನ ಅಂದರೆ ಗುಮಾಸ್ತರ ಕೆಲಸ, ವಿಜ್ಞಾನ ಬೇರೆ ಅಂತ ಸುಮ್ನೆ ಅಂದುಕೊಳ್ಳುವವರಿಗೆ ನಾನು ಈ ಕಥೆ ಹೇಳುತ್ತೇನೆ. ಎರಡು ಮಾನಗಳ ಅನುಪಾತ ಕೇಳಿದ್ದಕ್ಕೆ ಬೆಳಕೇ ಉತ್ತರವಾಗಿ ಬಂತು.

ಆದರೆ ಹೆಸರಿಟ್ಟವರು ಇವರಲ್ಲ. ಹೆಸರಿಟ್ಟವರು ಟೆಲಿಗ್ರಾಫ್‌ನವರು.

1858ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ಬಾರಿಗೆ ಕೇಬಲ್ ಸಂಪರ್ಕ ಬಂತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ದಾಟಲು 16 ಗಂಟೆ ಹಿಡಿಯಿತು. ಯಾಕೆ? ಒಳಗೆ ತಾಮ್ರ, ನಡುವೆ ಅಂಟಿನ ಹೊದಿಕೆ, ಹೊರಗೆ ಉಪ್ಪು ನೀರು. ಸಾವಿರಾರು ಕಿಲೋಮೀಟರ್ ಉದ್ದದ ಲೈಡನ್ ಜಾಡಿಯೇ ಅದು. ಈ ತುದಿಯಲ್ಲಿ ಕೀಲಿ ಒತ್ತಿದರೆ ಮೊದಲು ಆ ಜಾಡಿ ತುಂಬಬೇಕು, ಆಮೇಲೆ ಆ ತುದಿಗೆ ಗೊತ್ತಾಗಬೇಕು. ಬೇಗ ಹೋಗಲಿ ಅಂತ ವೈಟ್‌ಹೌಸ್ ಎಂಬ ತಜ್ಞ ಭಾರೀ ವೋಲ್ಟೇಜ್ ಕೊಟ್ಟ. ಮೊದಲೇ ಸೋತಿದ್ದ ಹೊದಿಕೆ ಇನ್ನಷ್ಟು ಕೆಟ್ಟಿತು. ಕೇಬಲ್ ಒಂದು ತಿಂಗಳೂ ಬಾಳಲಿಲ್ಲ. ಹಣ ಸಮುದ್ರದ ಪಾಲು.

ಹೀಗೆ ಪೆಟ್ಟು ತಿಂದವರಿಗೆ ಅಳತೆ ಬೇಕಾಯಿತು. ಕೇಬಲ್ ಕೊಳ್ಳುವಾಗ ‘ಇಷ್ಟು ಮೈಲಿಗೆ ಇಷ್ಟು ತಡೆ, ಇಷ್ಟು ಚಾರ್ಜ್ ಹಿಡಿಯಬೇಕು’ ಎಂದು ಕಾಗದದಲ್ಲಿ ಬರೆಯಬೇಕು. ಬರೆಯಲು ಪದವೇ ಇಲ್ಲ! 1861ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಘ ಸಭೆ ಸೇರಿದಾಗ ಇಬ್ಬರು ಕೇಬಲ್ ಇಂಜಿನಿಯರುಗಳು, ಲ್ಯಾಟಿಮರ್ ಕ್ಲಾರ್ಕ್ ಮತ್ತು ಚಾರ್ಲ್ಸ್ ಬ್ರೈಟ್, ಒಂದು ಪ್ರಬಂಧ ಓದಿದರು. ದೊಡ್ಡವರ ಹೆಸರನ್ನು ಸ್ವಲ್ಪ ಕತ್ತರಿಸಿ ಮಾನಗಳಿಗೆ ಇಡೋಣ ಎಂಬುದು ಅವರ ಸಲಹೆ. ಬ್ರೈಟ್ 1858ರ ಕೇಬಲ್ಲಿನ ಮುಖ್ಯ ಇಂಜಿನಿಯರ್ ಆಗಿದ್ದವ. ನಮಗೂ ಈ ಜೋಡಿಯ ನಂಟಿದೆ. 1864ರಲ್ಲಿ ಪರ್ಷಿಯಾ ಕೊಲ್ಲಿಯಲ್ಲಿ ಕರಾಚಿವರೆಗೆ ಕೇಬಲ್ ಹಾಕಿ ಇಂಡಿಯಾವನ್ನು ಯುರೋಪಿನ ತಂತಿಗೆ ಸೇರಿಸಿದ ಕೆಲಸದ ಇಂಜಿನಿಯರುಗಳೂ ಇವರೇ. ನಮ್ಮ ಅಜ್ಜಂದಿರ ಕಾಲದಲ್ಲಿ ‘ತಂತಿ ಬಂತು’ ಅಂದರೆ ಮನೆಯವರೆಲ್ಲ ಬೆಚ್ಚಿಬೀಳುತ್ತಿದ್ದರಲ್ಲ, ಆ ತಂತಿ.

ಅವರು ಸೂಚಿಸಿದ ಹೆಸರು ಕೇಳಿ. ವಿದ್ಯುತ್ತಿನ ಒತ್ತಡಕ್ಕೆ ‘ಓಮಾ’. ತಡೆಗೆ ‘ವೋಲ್ಟ್’. ಹರಿವಿಗೆ ‘ಗ್ಯಾಲ್ವಟ್’. ಚಾರ್ಜಿಗೆ ‘ಫ್ಯಾರಡ್’. ಎಲ್ಲ ಅದಲು ಬದಲು, ಅಲ್ವಾ? ಇವತ್ತು ವೋಲ್ಟ್ ಒತ್ತಡದ್ದು, ಓಮ್ ತಡೆಯದ್ದು. ಗ್ಯಾಲ್ವಟ್ ಇಲ್ಲವೇ ಇಲ್ಲ. ಪಾಪ ಗ್ಯಾಲ್ವಾನಿ, ಕಪ್ಪೆಯ ಕಾಲು ಹಿಡಿದು ಎಲ್ಲ ಶುರುಮಾಡಿದವನಿಗೆ ಮಾನದ ಪಟ್ಟಿಯಲ್ಲಿ ಜಾಗ ಸಿಗಲಿಲ್ಲ. ಮತ್ತೆ ಚಾರ್ಜಿಗೆ ಮೊದಲು ಸೂಚಿಸಿದ ಹೆಸರು ಕೂಲಮ್ ಅಲ್ಲ, ಫ್ಯಾರಡ್. ಆಗ ಮೈಕೆಲ್ ಫ್ಯಾರಡೆ ಇನ್ನೂ ಬದುಕಿದ್ದ. ಮುಂದಿನ ಹತ್ತು ಹನ್ನೆರಡು ವರ್ಷದಲ್ಲಿ ಆ ಹೆಸರು ಚಾರ್ಜಿನಿಂದ ಜಾರಿ, ಚಾರ್ಜ್ ಹಿಡಿಯುವ ಸಾಮರ್ಥ್ಯಕ್ಕೆ ಹೋಯಿತು. ನಿಮ್ಮ ಮನೆಯ ಫ್ಯಾನ್ ಕೆಪಾಸಿಟರ್ ಮೇಲೆ 2.5 ಮೈಕ್ರೋಫ್ಯಾರಡ್ ಅಂತ ಇರುತ್ತದೆ, ನೋಡಿ.

ಅದೇ 1861ರಲ್ಲಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಆದವನು) ಒತ್ತಾಯದಿಂದ ಅಸೋಸಿಯೇಷನ್ ಒಂದು ಸಮಿತಿ ಮಾಡಿತು. ಮ್ಯಾಕ್ಸ್‌ವೆಲ್ಲೂ ಮುಂದೆ ಅದರೊಳಗೆ ಬಂದ. ಗಾಸ್, ವೆಬರ್ ದಾರಿಯ ಶುದ್ಧ ಮಾನಗಳು ಬಳಕೆಗೆ ಬಾರದಷ್ಟು ಸಣ್ಣವು. ಹಾಗಾಗಿ ಹತ್ತರ ಗುಣಕದಿಂದ ಹಿಗ್ಗಿಸಿದರು. ತಡೆಯ ಮಾನ ಆಗ ಟೆಲಿಗ್ರಾಫ್‌ನವರು ಬಳಸುತ್ತಿದ್ದ ಒಂದು ಮೀಟರ್ ಉದ್ದದ ಪಾದರಸದ ಎಳೆಯ ಹತ್ತಿರಕ್ಕೆ ಬರಲಿ ಅಂತ 100 ಕೋಟಿ ಪಟ್ಟು. ಅದು ಓಮ್. ಒತ್ತಡದ ಮಾನ ಆಗ ಬಳಕೆಯಲ್ಲಿದ್ದ ಡೇನಿಯಲ್ ಬ್ಯಾಟರಿಯ ಒತ್ತಡದ ಹತ್ತಿರ ಬರಲಿ ಅಂತ 10 ಕೋಟಿ ಪಟ್ಟು. ಅದು ವೋಲ್ಟ್. ಇನ್ನು ಹರಿವು? ವೋಲ್ಟನ್ನು ಓಮ್‌ನಿಂದ ಭಾಗಿಸಬೇಕು. 10 ಕೋಟಿಯನ್ನು 100 ಕೋಟಿಯಿಂದ ಭಾಗಿಸಿದರೆ ಹತ್ತರಲ್ಲಿ ಒಂದು. ಆ ಹರಿವು ಒಂದು ಸೆಕೆಂಡಿನಲ್ಲಿ ಸಾಗಿಸಿದ ಚಾರ್ಜೂ ಶುದ್ಧ ಮಾನದ ಹತ್ತರಲ್ಲಿ ಒಂದು. ಇವತ್ತಿನ ಕೂಲಮ್‌ನ ಗಾತ್ರ ಬಂದದ್ದು ಇಲ್ಲಿಂದ. ಉಳಿದ ಪಾಲು ಅಂದದ್ದು ಇದಕ್ಕೇ.

ಇಷ್ಟಾದರೂ ಅದಕ್ಕೆ ಇನ್ನೂ ಆ ಹೆಸರಿಲ್ಲ. ಬ್ರಿಟನ್ನಿನಲ್ಲಿ ಹರಿವಿಗೂ, ಒಮ್ಮೊಮ್ಮೆ ಚಾರ್ಜಿಗೂ ‘ವೆಬರ್’ ಎನ್ನುತ್ತಿದ್ದರು. ತೊಂದರೆ ಏನೆಂದರೆ ಜರ್ಮನಿಯಲ್ಲೂ ಹರಿವಿಗೆ ವೆಬರ್ ಎಂಬ ಮಾನ ಇತ್ತು, ಅದು ಬ್ರಿಟನ್ನಿನದರ ಹತ್ತರಲ್ಲಿ ಒಂದು ಪಾಲು. 1881ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ವಿದ್ಯುತ್ ಪ್ರದರ್ಶನ ನಡೆಯಿತು. ಎಡಿಸನ್ ದೀಪಗಳು, ಟೆಲಿಫೋನಿನಲ್ಲಿ ಒಪೆರಾ ಕೇಳಿಸುವ ವ್ಯವಸ್ಥೆ, ಜನಜಾತ್ರೆ. ಅದರ ಜೊತೆಗೇ ಅಂತರರಾಷ್ಟ್ರೀಯ ಸಮ್ಮೇಳನ. ಥಾಮ್ಸನ್, ಹೆಲ್ಮ್‌ಹೋಲ್ಟ್ಸ್‌ರಂಥ ಘಟಾನುಘಟಿಗಳು ಅಲ್ಲಿದ್ದರು. ಗೊಂದಲದ ವೆಬರ್ ಬಿಟ್ಟು ಹರಿವಿಗೆ ಆಂಪಿಯರ್, ಚಾರ್ಜಿಗೆ ಕೂಲಮ್ ಎಂದು ಒಪ್ಪಿಕೊಂಡರು. ಓಮ್, ವೋಲ್ಟ್, ಫ್ಯಾರಡ್ ಉಳಿದವು.

ಲೆಕ್ಕ ಹಾಕಿ. ಒಬ್ಬ ಜರ್ಮನ್, ಒಬ್ಬ ಇಟಲಿಯವ, ಒಬ್ಬ ಇಂಗ್ಲಿಷಿನವ, ಇಬ್ಬರು ಫ್ರೆಂಚರು. ಸಭೆ ನಡೆದದ್ದು ಯಾರ ಊರಲ್ಲಿ? ನಾನು ಏನೂ ಹೇಳುವುದಿಲ್ಲ. ವೆಬರ್ ಮಾತ್ರ ಆಗ ಬದುಕಿದ್ದ, 76 ವರ್ಷ. ಅವನ ಹೆಸರು ಮಾನವಾಗಿ ವಾಪಸ್ ಬಂದದ್ದು ಅವನು ತೀರಿಹೋದ ಎಷ್ಟೋ ವರ್ಷದ ಮೇಲೆ, ಕಾಂತೀಯ ಅಭಿವಾಹದ (ಮ್ಯಾಗ್ನೆಟಿಕ್ ಫ್ಲಕ್ಸ್) ಲೆಕ್ಕಕ್ಕೆ. ಎರಡು ಚಾರ್ಜ್ ಮಾನಗಳ ಅನುಪಾತ ಅಳೆದವನ ಹೆಸರು ಚಾರ್ಜಿಗೆ ನಿಲ್ಲಲಿಲ್ಲ. ಮಾನವೇ ಇಲ್ಲದೆ ಕೆಲಸ ಮಾಡಿದವನದು ನಿಂತಿತು. ನನಗೆ ಇದು ಸ್ವಲ್ಪ ಅನ್ಯಾಯ ಅಂತಲೇ ಅನಿಸುತ್ತದೆ.

ಈಗ ನಮ್ಮೂರಿಗೆ ಬರೋಣ. ಗೊರೂರಿನ ಹೇಮಾವತಿ ಜಲಾಶಯದ ಸುದ್ದಿ ಓದುವಾಗ ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ ಎಂದು ಓದುತ್ತೀರಿ. ಕ್ಯೂಸೆಕ್ ಹರಿವಿನ ಅಳತೆ, ಆಂಪಿಯರ್ ಹಾಗೆ. ಒಂದು ಕ್ಯೂಸೆಕ್ ಒಂದು ಸೆಕೆಂಡ್ ಹರಿದರೆ ಒಂದು ಘನ ಅಡಿ ನೀರು. ಒಂದು ಆಂಪಿಯರ್ ಒಂದು ಸೆಕೆಂಡ್ ಹರಿದರೆ ಒಂದು ಕೂಲಮ್. ಆದರೆ 37 ಟಿಎಂಸಿ ಹಿಡಿಯುವ ಜಲಾಶಯವನ್ನು ಯಾರೂ ಘನ ಅಡಿಯಲ್ಲಿ ಹೇಳುವುದಿಲ್ಲ, ನೂರು ಕೋಟಿ ಘನ ಅಡಿಯನ್ನು ಒಟ್ಟುಮಾಡಿ ಟಿಎಂಸಿ ಎನ್ನುತ್ತೇವೆ. ಬ್ಯಾಟರಿಯವರೂ ಅದನ್ನೇ ಮಾಡಿದರು. ಸೆಕೆಂಡ್ ಬಿಟ್ಟು ಗಂಟೆ ಹಿಡಿದರು. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್, ಅಂದರೆ 3,600 ಕೂಲಮ್. 150 ಎಎಚ್ ಇನ್ವರ್ಟರ್ ಬ್ಯಾಟರಿ ಅಂದರೆ 5,40,000 ಕೂಲಮ್. 5,000 ಎಂಎಎಚ್ ಮೊಬೈಲ್ ಬ್ಯಾಟರಿ ಅಂದರೆ 18,000 ಕೂಲಮ್. ‘10 ಆಂಪಿಯರ್ ಎಳೆದರೆ ಹೆಚ್ಚುಕಡಿಮೆ 15 ಗಂಟೆ’ ಅಂತ ಬಾಯಲ್ಲೇ ಲೆಕ್ಕ ಹಾಕಲು ಎಎಚ್ ಸುಲಭ. ಹಾಗಾಗಿ ಕೂಲಮ್‌ಗೆ ಅಂಗಡಿಯಲ್ಲಿ ಜಾಗ ಸಿಗಲಿಲ್ಲ.

ಸಿಡಿಲಿನ ಜೊತೆ ಹೋಲಿಸಿದರೆ ಬೆರಗಾಗುತ್ತದೆ. ಭರಣಿ ಮಳೆಯಲ್ಲಿ ಸಕಲೇಶಪುರದ ಕಡೆ ಬಡಿಯುವಂಥ ಒಂದು ಸಿಡಿಲು ನೆಲಕ್ಕೆ ತರುವ ಚಾರ್ಜ್ ಸಾಮಾನ್ಯವಾಗಿ ಐದರಿಂದ ಇಪ್ಪತ್ತು ಕೂಲಮ್, ಅಷ್ಟೇ. ನಿಮ್ಮ ಜೇಬಿನ ಮೊಬೈಲ್ ಅದರ ಸಾವಿರ ಪಟ್ಟು ಸಾಗಿಸುತ್ತದೆ. ಹಾಗಾದರೆ ಮೊಬೈಲ್ ಯಾಕೆ ಮರ ಸೀಳುವುದಿಲ್ಲ? ಎರಡು ಕಾರಣ. ಸಿಡಿಲಿನ ಒತ್ತಡ ಕೋಟಿಗಟ್ಟಲೆ ವೋಲ್ಟ್, ಮೊಬೈಲಿನದು ನಾಲ್ಕರ ಆಸುಪಾಸು. ಜೊತೆಗೆ ಬ್ಯಾಟರಿಯಲ್ಲಿ ಚಾರ್ಜ್ ರಾಶಿ ಬಿದ್ದಿರುವುದಿಲ್ಲ. ಅದರೊಳಗೆ ಧನ, ಋಣ ಎರಡೂ ಸಮ. ಒಂದು ತುದಿಯಿಂದ ಇನ್ನೊಂದಕ್ಕೆ ಅಷ್ಟನ್ನು ಸಾಗಿಸಬಲ್ಲದು, ಅಷ್ಟೇ.

ರಾಶಿ ಹಾಕಿದರೆ ಏನಾಗುತ್ತದೆ ಅಂತಲೂ ಲೆಕ್ಕ ಇದೆ. ಒಂದೊಂದು ಕೂಲಮ್ ಇರುವ ಎರಡು ಗುಂಡುಗಳನ್ನು ಒಂದು ಮೀಟರ್ ದೂರದಲ್ಲಿ ಇಡಲು ಸಾಧ್ಯವಾದರೆ, ಅವು ತಳ್ಳುವ ಬಲ 900 ಕೋಟಿ ನ್ಯೂಟನ್. ಸುಮಾರು ಒಂಬತ್ತು ಲಕ್ಷ ಟನ್ ತೂಕ. ಅದಕ್ಕೇ ಚಾರ್ಜನ್ನು ಪೆಟ್ಟಿಗೆಯಲ್ಲಿಟ್ಟು ‘ಇದೇ ಒಂದು ಕೂಲಮ್, ನೋಡಿಕೊಳ್ಳಿ’ ಎಂದು ಕಿಲೋಗ್ರಾಂ ಕಲ್ಲಿನ ಹಾಗೆ ತೋರಿಸಲು ಆಗಲಿಲ್ಲ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತದಲ್ಲ, ಆಗ ಮೈಮೇಲೆ ಇರುವುದು ಹೆಚ್ಚೆಂದರೆ ಒಂದೆರಡು ಮೈಕ್ರೋಕೂಲಮ್, ಕೂಲಮ್‌ನ ಹತ್ತು ಲಕ್ಷದಲ್ಲಿ ಒಂದೆರಡು ಪಾಲು.

ಕಣ್ಣಿಗೆ ಕಾಣುವ ಹಾಗೆ ಮಾಡಿದ್ದು ಬೆಳ್ಳಿಯಿಂದ. 1908ರ ಲಂಡನ್ ಸಮ್ಮೇಳನದಲ್ಲಿ, ಬೆಳ್ಳಿಯ ದ್ರಾವಣದಿಂದ ಸೆಕೆಂಡಿಗೆ 1.118 ಮಿಲಿಗ್ರಾಂ ಬೆಳ್ಳಿ ಕೂರಿಸುವ ಕರೆಂಟೇ ಒಂದು ಆಂಪಿಯರ್ ಎಂದು ಗೊತ್ತುಮಾಡಿದರು. ಆ ಲೆಕ್ಕದಲ್ಲಿ ಒಂದು ಕೂಲಮ್ ಅಂದರೆ 1.118 ಮಿಲಿಗ್ರಾಂ ಬೆಳ್ಳಿ. ಗಿಲೀಟು ಮಾಡುವವರ ಮಾನ ಅನ್ನಿ.

ಐರ್ಲೆಂಡಿನ ಜಾರ್ಜ್ ಜಾನ್‌ಸ್ಟೋನ್ ಸ್ಟೋನಿಗೆ ಮಾತ್ರ ಬೇರೆಯೇ ಹೊಳೆದಿತ್ತು. ಇಷ್ಟು ಚಾರ್ಜಿಗೆ ಇಷ್ಟೇ ಬೆಳ್ಳಿ ಎಂದು ಫ್ಯಾರಡೆ ನಿಯಮ ಹೇಳುತ್ತದೆ. ಬೆಳ್ಳಿ ಪರಮಾಣುಗಳಿಂದ ಆಗಿದ್ದರೆ ಚಾರ್ಜೂ ಬಿಡಿಬಿಡಿಯಾಗಿ ಬರಬೇಕಲ್ಲ? ಹಾಗಾದರೆ ಪ್ರಕೃತಿಯೇ ಒಂದು ಮಾನ ಇಟ್ಟಿದೆ. 1874ರಲ್ಲಿ ಆತ ಅದರ ಗಾತ್ರವನ್ನು ಅಂದಾಜು ಮಾಡಿದ, ಇವತ್ತಿನ ಬೆಲೆಗಿಂತ ಸುಮಾರು 16 ಪಟ್ಟು ಕಡಿಮೆ ಬಂತು. 1891ರಲ್ಲಿ ಅದಕ್ಕೆ ‘ಎಲೆಕ್ಟ್ರಾನ್’ ಎಂದು ಹೆಸರಿಟ್ಟ. ಗಮನಿಸಿ, ಎಲೆಕ್ಟ್ರಾನ್ ಮೊದಲಿಗೆ ಕಣದ ಹೆಸರಲ್ಲ, ಚಾರ್ಜಿನ ಮಾನದ ಹೆಸರು! ಕಣವನ್ನು 1897ರಲ್ಲಿ ಹಿಡಿದ ಜೆ. ಜೆ. ಥಾಮ್ಸನ್ ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿದ್ದ. ಜನ ಸ್ಟೋನಿಯ ಹೆಸರನ್ನು ಕಣಕ್ಕೆ ಅಂಟಿಸಿದರು. ಮಾನಕ್ಕೆ ಹೆಸರು ಉಳಿಯಲಿಲ್ಲ. ಅಮೆರಿಕದ ಮಿಲಿಕನ್ ಎಣ್ಣೆಹನಿ ಪ್ರಯೋಗದಿಂದ 1913ರಲ್ಲಿ ಕೊಟ್ಟ ಬೆಲೆ ಇವತ್ತಿನದಕ್ಕಿಂತ ನೂರಕ್ಕೆ ಒಂದರಷ್ಟೂ ವ್ಯತ್ಯಾಸ ಇಲ್ಲ. ಇದ್ದ ವ್ಯತ್ಯಾಸಕ್ಕೂ ಗಾಳಿಯ ಸ್ನಿಗ್ಧತೆಯ ಅಂಕಿ ಕಾರಣ.

2019ರ ಮೇ 20ರಿಂದ ಸ್ಟೋನಿಯ ದಾರಿಯೇ ಜಗತ್ತಿನ ದಾರಿ. ಎಲೆಕ್ಟ್ರಾನಿನ ಚಾರ್ಜ್ ಇಷ್ಟೇ ಎಂದು ಕಟ್ಟಿಹಾಕಿದರು. ದಶಾಂಶ ಬಿಂದುವಿನ ಮುಂದೆ 18 ಸೊನ್ನೆ, ಆಮೇಲೆ 1602176634, ಅಷ್ಟು ಕೂಲಮ್. ತಿರುಗಿಸಿ ಹೇಳಿದರೆ ಒಂದು ಕೂಲಮ್‌ನಲ್ಲಿ ಸುಮಾರು 624ರ ಮುಂದೆ 16 ಸೊನ್ನೆಯಷ್ಟು ಎಲೆಕ್ಟ್ರಾನುಗಳ ಚಾರ್ಜ್. ಈಗ ಆಂಪಿಯರ್‌ಗೇ ಚಾರ್ಜಿನ ಆಸರೆ. ಸೆಕೆಂಡಿಗೆ ಅಷ್ಟು ಎಣಿಸಿದರೆ ಒಂದು ಆಂಪಿಯರ್. 138 ವರ್ಷ ಹಿಂದೆ ನಿಂತಿದ್ದ ಚಾರ್ಜ್ ಮುಂದೆ ಬಂತು. ಹೆಸರಿನ ಸಾಲಿನಲ್ಲಿ ಮಾತ್ರ ಆಂಪಿಯರೇ ಮೂಲಮಾನ, ಕೂಲಮ್ ಅದರಿಂದ ಹುಟ್ಟಿದ್ದು ಅಂತ ಈಗಲೂ ಬರೆಯುತ್ತಾರೆ.

ಇಲ್ಲಿಂದ ಮುಂದೆ ಸಭೆಯವರ ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದ್ದು: ‘ಸರ್, ಧನ, ಋಣ ಅಂತ ಹೆಸರಿಟ್ಟವನು ಫ್ರಾಂಕ್ಲಿನ್ ಅಂತ ಓದಿದ್ದೀವಿ. ಅವನ ಹೆಸರಲ್ಲಿ ಮಾನ ಇಲ್ವಾ?’

ಇದೆಯಮ್ಮ. ಒಂದು ಸೆಂಟಿಮೀಟರ್, ಒಂದು ಡೈನ್ ಅಂತ ಹೇಳಿದೆನಲ್ಲ, ಆ ಮಾನಕ್ಕೆ ಆಮೇಲೆ ಫ್ರಾಂಕ್ಲಿನ್ ಎಂಬ ಹೆಸರೂ ಬಂತು. ಸ್ಟ್ಯಾಟ್‌ಕೂಲಮ್ ಅಂತಲೂ ಅನ್ನುತ್ತಾರೆ. ಒಂದು ಕೂಲಮ್‌ಗೆ ಸುಮಾರು 300 ಕೋಟಿ ಫ್ರಾಂಕ್ಲಿನ್. ಆ 3 ಎಲ್ಲಿಂದ ಬಂತು ಅಂತ ನಿಮಗೀಗ ಗೊತ್ತು, ಅದು ಬೆಳಕಿನ ವೇಗದ 3. ಫ್ಯಾರಡೆಯ ಪೂರ್ತಿ ಹೆಸರಿನಲ್ಲೂ ಒಂದು ಚಾರ್ಜ್ ಮಾನ ಇತ್ತು, ಸುಮಾರು 96,485 ಕೂಲಮ್. ರಸಾಯನಶಾಸ್ತ್ರದವರು ಅದನ್ನು ಈಗ ಸ್ಥಿರಾಂಕವಾಗಿ ಇಟ್ಟುಕೊಂಡಿದ್ದಾರೆ. ಫ್ಯಾರಡ್, ಫ್ಯಾರಡೆ ಎರಡನ್ನೂ ಪರೀಕ್ಷೆಯಲ್ಲಿ ಕಲಸಬೇಡಿ.

ಇನ್ನೊಬ್ಬರು ಕೇಳಿದರು: ‘ನಮ್ಮೂರಲ್ಲಿ ಇಸ್ರೋದ ಎಂಸಿಎಫ್ (ಉಪಗ್ರಹ ನಿಯಂತ್ರಣ ಕೇಂದ್ರ) ಇದೆ. ಉಪಗ್ರಹಕ್ಕೂ ಈ ಕೂಲಮ್‌ಗೂ ಏನಾದರೂ ಸಂಬಂಧ ಉಂಟಾ?’

ಚೆನ್ನಾಗಿ ಕೇಳಿದಿರಿ. 1982ರಿಂದ ಇಲ್ಲಿಂದ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಇರುತ್ತವೆ. ಅಲ್ಲಿ ಸೂರ್ಯನ ಚಟುವಟಿಕೆ ಜೋರಾದಾಗ ವೇಗದ ಎಲೆಕ್ಟ್ರಾನುಗಳು ಬಂದು ಮೈಗೆ ಅಂಟುತ್ತವೆ. ಇಂಥ ಎತ್ತರದ ಉಪಗ್ರಹಗಳ ಹೊರಮೈ, ಅದರಲ್ಲೂ ಭೂಮಿಯ ನೆರಳಿನಲ್ಲಿ ಇದ್ದಾಗ, ಸಾವಿರಾರು ವೋಲ್ಟ್‌ಗೆ ಏರಿದ್ದುಂಟು. ಚಾರ್ಜ್ ಲೆಕ್ಕದಲ್ಲಿ ಬಹಳ ಸಣ್ಣದು, ಆದರೆ ಒಂದು ಭಾಗಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಆದರೆ ಕಿಡಿ ಹಾರಿ ಒಳಗಿನ ಸರ್ಕ್ಯೂಟ್ ಕೆಡಬಹುದು. ಅದಕ್ಕೇ ಹೊರಗಿನ ಹೊದಿಕೆಯನ್ನು ಚಾರ್ಜ್ ಹರಿದು ಹಂಚಿಹೋಗುವ ಹಾಗೆ ಮಾಡುತ್ತಾರೆ. ನೆಲದ ಅರ್ಥಿಂಗ್ ಅಲ್ಲಿ ಸಿಗುವುದಿಲ್ಲ ನೋಡಿ.

ಕೊನೆಗೆ ಒಬ್ಬ ಹುಡುಗ ಎದ್ದು ನಿಂತ: ‘ಸರ್, ಅಣ್ಣನ ಹಳೇ ಪುಸ್ತಕದಲ್ಲಿ ಆಂಪಿಯರ್ ಅಂದ್ರೆ ಒಂದು ಮೀಟರ್ ದೂರದ ಎರಡು ತಂತಿ, ಅವುಗಳ ನಡುವಿನ ಬಲ ಅಂತ ಇದೆ. ನೀವು ಎಲೆಕ್ಟ್ರಾನ್ ಎಣಿಸಿ ಅಂತೀರಿ. ಯಾವುದು ಬರೀಬೇಕು?’

ಅಣ್ಣನ ಪುಸ್ತಕ 1948ರಿಂದ 2019ರವರೆಗೆ ನಡೆದ ವ್ಯಾಖ್ಯೆ. ಈಗ ವ್ಯಾಖ್ಯೆ ಕೇಳಿದರೆ ಎಲೆಕ್ಟ್ರಾನಿನದನ್ನು ಬರೆಯಿರಿ. ತಂತಿಗಳ ಲೆಕ್ಕ ಕೇಳಿದರೆ ಹಳೆಯ ಸೂತ್ರವನ್ನೇ ಹಾಕಿ, ಉತ್ತರ ಅದೇ ಬರುತ್ತದೆ. ಮೊದಲು ಆ ಬಲ ಇಷ್ಟೇ ಎಂದು ನಾವೇ ಗೊತ್ತುಮಾಡಿದ್ದೆವು, ಈಗ ಅದನ್ನು ಪ್ರಯೋಗದಿಂದ ಅಳೆಯಬೇಕು. ವ್ಯತ್ಯಾಸ ಇದ್ದರೂ ಹತ್ತು ಅಂಕಿಗಳ ಆಚೆ ಎಲ್ಲೋ. ನಿಮ್ಮ ಮಾರ್ಕ್ಸ್ ಅಷ್ಟು ದೂರ ಹೋಗುವುದಿಲ್ಲ.